ಕರವೀರಪತ್ರಂ ಸಮರ್ಪಯಾಮಿ

ಅನರ್ಥಕ್ಕೆ ಮೂಲವಾದದ್ದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಪಕ್ಕಪಕ್ಕ ಮಲಗಿದ್ದ ಎರಡು ಹಸಿರು ಪ್ಲಾಸ್ಟಿಕ್ ಚೀಲಗಳು. ಎರಡೂ ಒಂದೇ ಸುರುಳಿಯಿಂದ ಹರಿದವು, ಎರಡರಲ್ಲೂ ಎಲೆ, ಎರಡಕ್ಕೂ ಒಂದೇ ಬಗೆಯ ಗಂಟು. ಒಂದರ ಎಲೆ ಗಣಪತಿಗೆ, ಇನ್ನೊಂದರದು ಮನುಷ್ಯರಿಗೆ.

ಮಲೇಷ್ಯಾದ ಪುಚೊಂಗಿನ ಕಾಂಡೋವೊಂದರ ಎಂಟನೆಯ ಮಹಡಿಯಲ್ಲಿ ವಾಸವಾಗಿದ್ದ ದಾಮೋದರ ಉಡುಪಿಯವನು. ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಶಾಸ್ತ್ರದ ಅಧ್ಯಾಪಕ. ಅವನ ಕಾಂಟ್ರಾಕ್ಟು ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಕಾಂಟ್ರಾಕ್ಟು ಮುಗಿದರೆ ವೀಸಾ ಮುಗಿಯುತ್ತದೆ. ವೀಸಾ ಮುಗಿದರೆ ಮನೆ, ಕಾರು, ಮಗಳ ಶಾಲೆ ಎಲ್ಲವೂ ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆಗಳಂತೆ ಒಂದರ ಮೇಲೊಂದು ಬೀಳುತ್ತವೆ. ನವೀಕರಣಕ್ಕೆ ಬೇಕಾಗಿದ್ದದ್ದು ಡೀನ್ ಕೀರ್ತಿರಾಜರ ಒಂದು ಶಿಫಾರಸು. ಕಮಿಟಿ ಸೋಮವಾರ ಸೇರುವುದಿತ್ತು, ಚೌತಿ ಶನಿವಾರ ಬಿದ್ದಿತ್ತು. ಡೀನರನ್ನು ಊಟಕ್ಕೆ ಕರೆಯಬೇಕೆಂದು ಹೊಳೆದದ್ದು ಹೆಂಡತಿ ಶರಣ್ಯಾಳಿಗೆ.

"ಹೊಟ್ಟೆ ತುಂಬಿದವರು ಇಲ್ಲ ಅನ್ನುವುದಿಲ್ಲ," ಎಂದಿದ್ದಳು ಅವಳು.

ಪತ್ರೆಯ ವಿಚಾರ ಎತ್ತಿದ್ದು ಅತ್ತೆ ದೇವಕಿಯಮ್ಮ, ಅದೂ ಉಡುಪಿಯಿಂದ, ವೀಡಿಯೊ ಕರೆಯಲ್ಲಿ. "ಇಪ್ಪತ್ತೊಂದು ಪತ್ರೆ ಇಲ್ಲದೆ ಎಂತ ಚೌತಿ ಮಾರಾಯ್ರೆ? ಕೆಲಸ ಉಳಿಯಬೇಕು ಅಂತ ಉಂಟಲ್ಲ ನಿಮಗೆ?" ಅಳಿಯ ಪತ್ರೆ ಹುಡುಕಲು ಹೊರಟ. ಬ್ರಿಕ್‌ಫೀಲ್ಡ್ಸಿನ ಹೂವಿನಂಗಡಿಯಲ್ಲಿ ಗರಿಕೆ, ಬಿಲ್ವ, ತುಳಸಿ ಸಿಕ್ಕವು. ಹತ್ತಿರದ ಗುಡಿಯ ಹಿಂದೆ ಎಕ್ಕದ ಗಿಡವಿತ್ತು. ಹೆದ್ದಾರಿಯ ನಡುವೆ ನೆಟ್ಟಿದ್ದ ಕಣಗಿಲೆಯ ಎಲೆಗಳನ್ನು ಅವನು ಕಾರಿನ ಬಾನೆಟ್ ಎತ್ತಿ, ಗಾಡಿ ಕೆಟ್ಟವನಂತೆ ನಟಿಸುತ್ತ ಕಿತ್ತ. ಉಮ್ಮತ್ತಿ ಎಲ್ಲಿಯೂ ಸಿಗಲಿಲ್ಲ. ಅದೊಂದು ಅವನ ಪುಣ್ಯ.

ಎಕ್ಕದ ಎಲೆಯ ಮೇಲೊಂದು ಪಟ್ಟೆ ಪಟ್ಟೆ ಹುಳು ಕುಳಿತು ಎಲೆಯನ್ನು ನಿರಾತಂಕವಾಗಿ ಮೇಯುತ್ತಿತ್ತು. ದಾಮೋದರ ಅದನ್ನು ಹಳೆಯ ಶಿಷ್ಯನನ್ನು ಕಂಡಂತೆ ನೋಡಿದ. 'ಹೃದಯ ವಿಷಗಳು' ಎಂಬುದು ಕಾಲೇಜಿನಲ್ಲಿ ಅವನಿಗೆ ಹೆಸರು ತಂದ ಏಕಮಾತ್ರ ಪಾಠ. ಎಕ್ಕ, ಕಣಗಿಲೆ ಮೊದಲಾದ ಗಿಡಗಳು ತಮ್ಮನ್ನು ತಿನ್ನಲು ಬರುವ ಪ್ರಾಣಿಯ ಹೃದಯ ನಿಲ್ಲಿಸಬಲ್ಲ ರಸವನ್ನು ಎಲೆಯೊಳಗೆ ಕಾಯ್ದಿರಿಸಿವೆ. ಈ ಹುಳುವಾದರೋ ಲಕ್ಷಾಂತರ ವರ್ಷಗಳಲ್ಲಿ ತನ್ನ ಜೀವಕೋಶದ ಪಂಪನ್ನು ಕೂದಲೆಳೆಯಷ್ಟು ಬದಲಿಸಿಕೊಂಡು, ಆ ವಿಷವನ್ನು ಅರಗಿಸಿ, ಮೈಯಲ್ಲೇ ಕೂಡಿಟ್ಟುಕೊಂಡು, ಚಿಟ್ಟೆಯಾದ ಮೇಲೆ ತನ್ನನ್ನು ತಿನ್ನಬಂದ ಹಕ್ಕಿಗೆ ವಾಂತಿ ಮಾಡಿಸುತ್ತದೆ. ಕಪ್ಪೆಗಳಲ್ಲಿ ಕೆಲವು ಇದೇ ಬಗೆಯ ವಿಷವನ್ನು ತಾವೇ ತಯಾರಿಸಿ ಬೆನ್ನ ಮೇಲೆ ಹೊತ್ತಿವೆ. ಅಳತೆ ಮಾಡಿ ಚಿಟಿಕೆಯಲ್ಲಿ ಒಂದು ಪಾಲು ಕೊಟ್ಟರೆ ಅದೇ ವಿಷ ದಣಿದ ಹೃದಯಕ್ಕೆ ಮದ್ದು. ಇದಿಷ್ಟನ್ನೂ ದಾಮೋದರ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲವನಾಗಿದ್ದ.

ಹಾಗೆಂದೇ ಅವನು ಮನೆಗೆ ಬಂದವನು ಚೀಲದ ಮೇಲೆ ದಪ್ಪಕ್ಷರದಲ್ಲಿ 'ವಿಷ' ಎಂದು ಬರೆಯಲು ಪೆನ್ನು ತೆಗೆದಿದ್ದ.

"ದೇವರ ಪತ್ರೆಗೆ ವಿಷ ಅಂತ ಬರೀತೀರಾ ನೀವು?" ಎಂದಳು ಶರಣ್ಯಾ. "ಅಮ್ಮ ನೋಡಿದ್ರೆ ಎಂತ ಹೇಳಿಯಾಳು?"

ಪೆನ್ನು ಜೇಬಿಗೆ ಹಿಂದಿರುಗಿತು.

ಎರಡನೆಯ ಚೀಲ ಶರಣ್ಯಾಳ ತಮ್ಮ ಸುಜಿತನದು. ಅದೇ ಕಾಂಡೋದ ಮೂರನೆಯ ಮಹಡಿಯಲ್ಲಿ ಒಂಟಿಯಾಗಿದ್ದು, ಕ್ಲಾಂಗ್ ಬಂದರಿನ ಸರಕು ಸಾಗಣೆಯ ಕಚೇರಿಯಲ್ಲಿ ದುಡಿಯುತ್ತಿದ್ದ ಸುಜಿತನಿಗೆ, ತಾನು ತಿಂದದ್ದನ್ನೆಲ್ಲ ಮಾಡಲೂ ಬರುತ್ತದೆ ಎಂಬ ನಂಬಿಕೆಯಿತ್ತು. ಚೌತಿಯ ಊಟಕ್ಕೆ ತಾನು 'ನಾಸಿ ಉಲಾಮ್' ಮಾಡಿ ತರುವೆನೆಂದು ಅವನು ಘೋಷಿಸಿದ್ದ. ಹತ್ತಾರು ಬಗೆಯ ಹಸಿ ಎಲೆಗಳನ್ನು ಕೂದಲಿನಷ್ಟು ಸಣ್ಣಗೆ ಕತ್ತರಿಸಿ ಅನ್ನಕ್ಕೆ ಕಲಸುವ ಈ ನಾಡಿನ ತಿನಿಸು ಅದು. ಮಾರುಕಟ್ಟೆಯಿಂದ ತಂದ ಎಲೆಗಳನ್ನು, ತನ್ನ ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು, ಅಕ್ಕನ ಫ್ರಿಜ್ಜಿನಲ್ಲಿ ಇಟ್ಟು ಹೋಗಿದ್ದ.

ಶನಿವಾರ ಬೆಳಿಗ್ಗೆ ಅಕ್ಕ ಕಡುಬಿನ ಹಬೆಯಲ್ಲಿ ಮುಳುಗಿದ್ದಾಗ ಅವನು ಬಂದು, ಫ್ರಿಜ್ಜು ತೆರೆದು, ಒಂದು ಹಸಿರು ಚೀಲ ಎತ್ತಿಕೊಂಡು ಹೋದ.

ಪೂಜೆ ನಡೆದದ್ದು ಮೊಬೈಲಿನ ಪೌರೋಹಿತ್ಯದಲ್ಲಿ. ಊರಿನಲ್ಲಿದ್ದ ಒಬ್ಬರೇ ಕನ್ನಡದ ಭಟ್ಟರು ಅಂದು ಆರು ಮನೆಗಳಿಗೆ ಹಂಚಿಹೋಗಿದ್ದರು. ಯೂಟ್ಯೂಬಿನ ಭಟ್ಟರಿಗೆ ಯಜಮಾನನ ಕೈ ಖಾಲಿಯಾಯಿತೇ ಎಂದು ನೋಡುವ ವ್ಯವಧಾನವಿರಲಿಲ್ಲ. ನಡುವೆ ತಲೆಹೊಟ್ಟಿನ ಶಾಂಪೂವಿನ ಜಾಹೀರಾತು ಬೇರೆ. ಒಂದು ಕಣ್ಣು ಮೊಬೈಲಿನ ಮೇಲೂ ಇನ್ನೊಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಡೀನರ ಮೇಲೂ ಇದ್ದುದರಿಂದ, "ಕರವೀರಪತ್ರಂ ಸಮರ್ಪಯಾಮಿ" ಎಂದು ಕಣಗಿಲೆ ಕೇಳಿದ ದನಿಗೆ ದಾಮೋದರ ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಏರಿಸಿದ. "ಅರ್ಕಪತ್ರಂ ಸಮರ್ಪಯಾಮಿ" ಎಂದು ಎಕ್ಕ ಕೇಳಿದಾಗಲೂ ಹಾಗೆಯೇ.

ಊಟ ಸೊಗಸಾಯಿತು. ಬಾಳೆಲೆಯ ಮುಂದೆ ಕುಳಿತವರು ಏಳೆಂಟು ಮಂದಿ. ಡೀನ್ ಕೀರ್ತಿರಾಜರು ಕಾರ್ಕಳದ ಕಡೆಯ ಜೈನ ಮನೆತನದವರು. ನೀರು ಸೋಸದೆ ಕುಡಿಯದವರು, ಈರುಳ್ಳಿಯ ಹೆಸರು ಕೇಳಿದರೆ ಮುಖ ತಿರುಗಿಸುವವರು. ಅವರ ಪಕ್ಕದಲ್ಲಿ ಎದುರುಮನೆಯ ಅಕ್ಬರ್, ಹುಬ್ಬಳ್ಳಿಯ ಎಂಜಿನಿಯರು. ಆಚೆ ಅವನ ಹೆಂಡತಿ ನಸೀಮಾ, ಇಡೀ ಎಂಟನೆಯ ಮಹಡಿಯ ಆಗುಹೋಗುಗಳನ್ನು ಬೆಳಗಿನ ಚಹದ ಜೊತೆ ಹಂಚುವವಳು. ಸುಜಿತನ ಎಲೆಗಳ ಅನ್ನ ಎಲ್ಲರ ಮನಸ್ಸನ್ನೂ ಗೆದ್ದಿತು. ಡೀನರಂತೂ ಮೂರು ಸಲ ಹಾಕಿಸಿಕೊಂಡರು.

"ಸಾತ್ವಿಕ ಆಹಾರ ಅಂದ್ರೆ ಇದು ನೋಡಿ," ಎಂದರು.

ದಾಮೋದರ ಬಡಿಸುತ್ತಿದ್ದ. ಮನೆಯವರದು ಕೊನೆಯ ಪಂಕ್ತಿ. ಮಜ್ಜಿಗೆಯ ಹೊತ್ತಿಗೆ ಸುಜಿತನಿಗೆ ಬಂದರಿನಿಂದ ಕರೆ ಬಂತು. ಒಂದು ಕಂಟೇನರು ಸುಂಕದವರ ಬಳಿ ಸಿಕ್ಕಿಬಿದ್ದಿತ್ತು. ಅವನು ಷರಟು ಬದಲಿಸಲು ಒಳಕೋಣೆಗೆ ಹೋದ. ಆಗ ದಾಮೋದರ ದೀಪಕ್ಕೆ ಎಣ್ಣೆ ಹಾಕಲೆಂದು ದೇವರ ಮುಂದೆ ಬಾಗಿದ. ಮೂಗಿಗೆ ನಿಂಬೆಯ ವಾಸನೆ ಬಡಿಯಿತು.

ಗಣಪತಿಯ ತೊಡೆಯ ಮೇಲೆ ಅರಿಶಿನದ ಎಲೆ ಇತ್ತು. ಕಿರೀಟದ ಹಿಂದೆ ಜೋಡಿ ಜೋಡಿಯಾದ ಕಾಡುನಿಂಬೆಯ ಎಲೆ. ಸೊಂಡಿಲಿಗೆ ಪುದೀನದಂಥದೇನೋ ಸಿಕ್ಕಿಕೊಂಡಿತ್ತು. ಗಣಪತಿ ಊಟಕ್ಕೆ ಸಿದ್ಧವಾದ ತಟ್ಟೆಯಂತೆ ಕಾಣುತ್ತಿದ್ದ. ಎಕ್ಕ ಎಲ್ಲಿಯೂ ಇರಲಿಲ್ಲ. ಕಣಗಿಲೆ ಎಲ್ಲಿಯೂ ಇರಲಿಲ್ಲ.

ದಾಮೋದರ ಎಣ್ಣೆಯ ಗಿಂಡಿಯನ್ನು ಹಿಡಿದುಕೊಂಡೇ ಒಳಕೋಣೆಗೆ ಹೋದ.

"ಸುಜಿತಾ, ಆ ಹಸಿರು ಚೀಲದ ಎಲೆ... ಎಲ್ಲ ಹಾಕಿದ್ದೀಯಾ ಅನ್ನಕ್ಕೆ?"

ಸುಜಿತ ಗುಂಡಿ ಹಾಕುತ್ತಿದ್ದವನು ಒಂದು ಕ್ಷಣ ತಡೆದ. "ಹೌದು ಭಾವ. ಒಂದೂ ಬಿಡಲಿಲ್ಲ. ಯಾಕೆ?"

"ಎಂತ ಇಲ್ಲ. ರುಚಿ ಆಗಿತ್ತು ಅಂತ ಎಲ್ಲ ಹೇಳಿದ್ರು."

ಸುಜಿತನಿಗೆ ಹೇಳಿದರೆ ಸುದ್ದಿ ಕ್ಲಾಂಗ್ ಬಂದರು ತಲುಪಿ ಹಡಗು ಹತ್ತುತ್ತದೆ ಎಂಬುದು ದಾಮೋದರನಿಗೆ ಗೊತ್ತಿತ್ತು. ಭಾವಮೈದ ಹೊರಟುಹೋದ ಮೇಲೆ ಅವನು ಬಚ್ಚಲ ಬಾಗಿಲು ಹಾಕಿಕೊಂಡು ಯೋಚಿಸಿದ. ಈಗಲೇ ಕೂಗಿ ಹೇಳಿದರೆ ನವೀಕರಣದ ಕಥೆ ಅಲ್ಲಿಗೇ ಮುಗಿಯುತ್ತದೆ. ಹೇಳದೆ ಇದ್ದರೆ ಡೀನರ ಕಥೆಯೇ ಮುಗಿಯಬಹುದು. ಈ ವಿಷ ಕೆಲಸ ಮಾಡಲು ಕೆಲವು ಗಂಟೆ ಬೇಕು, ಮೊದಲ ಸೂಚನೆ ನಾಡಿಯಲ್ಲಿ ಕಾಣುತ್ತದೆ ಎಂದು ಅವನೇ ವರ್ಷ ವರ್ಷ ಪಾಠ ಮಾಡಿದ್ದ. ಯಾರ ನಾಡಿಯೂ ತಪ್ಪದಿದ್ದರೆ ಹೇಳುವ ಅಗತ್ಯವೇನು? ಎಲೆ ಒಣಗಿತ್ತೋ, ಪಾಲು ಕಡಿಮೆಯಿತ್ತೋ, ದೇವರೇ ಕಾದನೋ ಎಂದುಕೊಳ್ಳಬಹುದು. ಆದ್ದರಿಂದ ಮೊದಲು ಎಲ್ಲರ ನಾಡಿ ನೋಡಬೇಕು. ಅದೂ, ನೋಡಿದ್ದು ಅವರಿಗೆ ತಿಳಿಯಬಾರದು.

ಅವನು ಹೊರಬಂದು, ಸೋಫಾದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಕ್ಬರನ ಪಕ್ಕ ಕುಳಿತು, ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡ.

ಅಕ್ಬರ್ ತನ್ನ ಕೈಯನ್ನೂ ದಾಮೋದರನ ಮುಖವನ್ನೂ ನೋಡಿದ. "ಏನ್ರಿ ಇದು?"

"ರೇಖೆ ನೋಡುವ ಅಂತ," ಎಂದ ದಾಮೋದರ. ಬೇರೇನೂ ಹೊಳೆಯಲಿಲ್ಲ.

"ನಿಮಗ ಕೈ ನೋಡಾಕ್ ಬರ್ತದ?" ನಸೀಮಾ ಬಟ್ಟಲು ಕೆಳಗಿಟ್ಟು ಬಂದಳು. "ಇಷ್ಟು ದಿನ ಹೇಳೇ ಇಲ್ಲಲ್ರಿ ಡಾಕ್ಟರ್. ನಮ್ಮನಿಯವರದು ನೋಡಿ ಹೇಳ್ರಿ, ಪ್ರಮೋಶನ್ ಯಾವಾಗ?"

ದಾಮೋದರ ಕಣ್ಣು ಮುಚ್ಚಿ ಎಣಿಸುತ್ತಿದ್ದ. ಎಪ್ಪತ್ತೆರಡು, ಗಡಿಯಾರದಂತೆ. "ಎಲ್ಲ ಸರಿ ಉಂಟು," ಎಂದ ಅವನು, ಎದೆ ತುಂಬಿ.

"ಅಂದ್ರ ಈ ವರ್ಷಾನೇ ಆಗ್ತದ," ಎಂದು ನಸೀಮಾ ತೀರ್ಮಾನಿಸಿ ತನ್ನ ಕೈ ಚಾಚಿದಳು. "ನಂದು ನೋಡ್ರಿ. ಊರಾಗ ಮನಿ ಕಟ್ಟತೀವೋ ಇಲ್ಲೋ?"

ಅವಳ ನಾಡಿಯೂ ನೆಟ್ಟಗಿತ್ತು. ಸುದ್ದಿ ಪಡಸಾಲೆಯನ್ನು ಸುತ್ತಿ ಬರುವಷ್ಟರಲ್ಲಿ ದಾಮೋದರನ ಮುಂದೆ ಸಾಲು ನಿಂತಿತು. ಉಂಡವರೆಲ್ಲ ಬಂದರು, ಉಣ್ಣದೆ ಪ್ರಸಾದಕ್ಕಷ್ಟೇ ಬಂದಿದ್ದ ಒಂಬತ್ತನೆಯ ಮಹಡಿಯ ತಮಿಳು ಅಜ್ಜಿಯೂ ಬಂದರು. ಎಲ್ಲರಿಗೂ ಅವನು ಒಂದೇ ಭವಿಷ್ಯ ಹೇಳಿದ, "ಎಲ್ಲ ಸರಿ ಉಂಟು." ಪ್ರತಿ ಸಲವೂ ಅವನ ಕಣ್ಣಲ್ಲಿ ನೀರಾಡುತ್ತಿದ್ದುದರಿಂದ ಜನರಿಗೆ ಅವನ ಮಾತಿನಲ್ಲಿ ಅಪಾರ ನಂಬಿಕೆ ಹುಟ್ಟಿತು.

ಕೊನೆಗೆ ಡೀನರು, ನಾಚಿಕೊಳ್ಳುತ್ತ, ತಮ್ಮ ದಪ್ಪ ಕೈಯನ್ನು ಮುಂದಿಟ್ಟರು. "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ್ರೆ. ಸುಮ್ಮನೆ ನೋಡಿ."

ದಾಮೋದರ ಬೆರಳಿಟ್ಟ. ನಾಡಿ ಒಮ್ಮೆ ಬಡಿಯಿತು. ನಿಂತಿತು. ಬಾಗಿಲು ತೆರೆಯಲೋ ಬೇಡವೋ ಎಂದು ಯೋಚಿಸುವವನಂತೆ ತಡವರಿಸಿ, ಎರಡು ಸಲ ಒಟ್ಟಿಗೆ ಬಡಿದು, ಮತ್ತೆ ಸುಮ್ಮನಾಯಿತು. ಐವತ್ತು ದಾಟುತ್ತಿರಲಿಲ್ಲ.

"ಎಂತ ಉಂಟು ರೇಖೆಯಲ್ಲಿ?" ಎಂದು ಕೇಳಿದರು ಡೀನರು.

"ಸರ್, ನೀವು ಈಗ ಹೊರಡಬಾರದು."

"ಯಾಕೆ?"

ಕಾರಣ ಬೇಕಿತ್ತು. "ಸೋಮವಾರದ ಕಮಿಟಿಗೆ ಮೊದಲು ನನ್ನ ಪಾಠ ಒಮ್ಮೆ ನೀವು ಕೇಳಬೇಕು ಅಂತ ಆಸೆ ಸರ್," ಎಂದುಬಿಟ್ಟ ದಾಮೋದರ.

ಡೀನರ ಮುಖ ಅರಳಿತು. ಹಬ್ಬದ ದಿನ, ಊಟದ ಮೇಲೆ, ಸ್ವಯಂಪ್ರೇರಣೆಯಿಂದ ಪಾಠ ಮಾಡಲು ಹೊರಟ ಅಧ್ಯಾಪಕನನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಉಳಿದವರನ್ನೂ ಅವರೇ ಕೂರಿಸಿದರು. ಲ್ಯಾಪ್‌ಟಾಪು ಟಿವಿಗೆ ಜೋಡಣೆಯಾಯಿತು. ಅದರಲ್ಲಿದ್ದ ಪಾಠ ಒಂದೇ. ಪರದೆಯ ಮೇಲೆ ಗುಲಾಬಿ ಬಣ್ಣದ ಕಣಗಿಲೆಯ ಹೂ ಗೋಡೆಯಗಲ ಅರಳಿ ನಿಂತಿತು.

ದಾಮೋದರ ಅಂದು ಮಾಡಿದ ಪಾಠದಷ್ಟು ಜೀವಂತವಾದ ಪಾಠವನ್ನು ಎಂದೂ ಮಾಡಿರಲಿಲ್ಲ. ಹುಳು ಎಲೆಯನ್ನು ತಿಂದೂ ಬದುಕುವ ಬಗೆಯನ್ನು ಹೇಳುವಾಗ, ಆ ಹುಳುವಿನ ಭಾಗ್ಯ ಮನುಷ್ಯನಿಗೆ ಏಕಿಲ್ಲವೆಂದು ಅವನ ದನಿ ನಡುಗಿತು. ವಿಷದ ಲಕ್ಷಣಗಳ ಪುಟ ಬಂದಾಗ ಅದನ್ನು ಬೇಗ ದಾಟಿಸಲು ನೋಡಿದ, ಡೀನರು ತಡೆದರು.

"ಅವಸರ ಬೇಡ. ಲಕ್ಷಣ ಮುಖ್ಯ. ವಿವರವಾಗಿ ಹೇಳಿ."

ಅವನು ವಿವರವಾಗಿ ಹೇಳಿದ. ಹೊಟ್ಟೆ ತೊಳಸುವುದು. ತಲೆ ಸುತ್ತುವುದು. ಎದೆಯಲ್ಲಿ ಏನೋ ಹಾರಿದಂತಾಗುವುದು. ಕಂಡದ್ದೆಲ್ಲ ಹಳದಿಯಾಗಿ ಕಾಣುವುದು.

ಮೊದಲು ಅಕ್ಬರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಅವನು ಹನ್ನೊಂದು ಕಡುಬು ತಿಂದಿದ್ದ. ಬಳಿಕ ನಸೀಮಾ ಕಣ್ಣುಜ್ಜಿಕೊಂಡಳು.

"ಡಾಕ್ಟರ್, ನನಗ ಆ ಕಿಟಕಿ ಪರದಾ ಹಳದಿ ಕಾಣಾಕತ್ತದ."

"ಅದು ಹಳದಿಯೇ," ಎಂದಳು ಶರಣ್ಯಾ. "ದೀಪಾವಳಿಗೆ ನೀವೇ ಆರಿಸಿ ಕೊಟ್ಟದ್ದಲ್ವಾ?"

"ಹೌದ್ರಿ, ಆದ್ರ ಇಷ್ಟು ಹಳದಿ ಇರಲಿಲ್ಲ ಅದು."

ಅಷ್ಟರಲ್ಲಿ ಡೀನರು ದೀರ್ಘವಾಗಿ ತೇಗಿದರು. ಮೂರು ಸಲ ಅನ್ನ ಹಾಕಿಸಿಕೊಂಡವರ ಸಹಜವಾದ ತೇಗು ಅದು. ದಾಮೋದರನ ಕಿವಿಗೆ ಮಾತ್ರ ಅದು ಸತ್ಯದ ಕೊನೆಯ ಗಂಟೆಯಂತೆ ಕೇಳಿತು. ಅವನು ರಿಮೋಟನ್ನು ಕೆಳಗಿಟ್ಟು, ಕೈ ಜೋಡಿಸಿದ.

"ಸರ್, ಎಲ್ಲರೂ ಕೇಳಿ. ಚೀಲ ಅದಲು ಬದಲಾಗಿದೆ. ನೀವೆಲ್ಲ ಊಟ ಮಾಡಿದ್ದು ಇದನ್ನೇ," ಎಂದು ಪರದೆಯ ಕಡೆ ತೋರಿಸಿದ.

ಎಲ್ಲರೂ ಒಟ್ಟಿಗೆ ಚಪ್ಪಲಿ ಹುಡುಕತೊಡಗಿದರು.

ಅಕ್ಬರನ ಕಾರಿನಲ್ಲಿ ಐದು ಮಂದಿ, ದಾಮೋದರನ ಕಾರಿನಲ್ಲಿ ನಾಲ್ಕು ಮಂದಿ ಆಸ್ಪತ್ರೆಗೆ ಹೊರಟರು. ಏನನ್ನೂ ಉಣ್ಣದ ತಮಿಳು ಅಜ್ಜಿ, ಪ್ರಸಾದದ ಬಾಳೆಹಣ್ಣಿನ ಮೇಲೆ ಅನುಮಾನವಿದೆಯೆಂದು ಮುಂದಿನ ಸೀಟು ಹಿಡಿದರು. ದಾರಿಯುದ್ದಕ್ಕೂ ನಸೀಮಾ ಎಂಟನೆಯ ಮಹಡಿಯ ಗುಂಪಿಗೆ ವರದಿ ಕಳಿಸುತ್ತಲೇ ಇದ್ದಳು. ಅದು ಕಾಲೇಜಿನ ಗುಂಪನ್ನು ತಲುಪಿದಾಗ ಕಾರು ಇನ್ನೂ ಟೋಲ್ ಗೇಟಿನಲ್ಲಿತ್ತು.

ತುರ್ತು ಚಿಕಿತ್ಸೆಯ ವಿಭಾಗದಲ್ಲಿದ್ದ ವೈದ್ಯೆ ಸಮೀಕ್ಷಾ ದಾಮೋದರನ ಹಳೆಯ ವಿದ್ಯಾರ್ಥಿನಿ. ಮಲೇಷ್ಯಾದಲ್ಲೇ ಬೆಳೆದ ಕನ್ನಡದ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತಿಗೊಂದು 'ಲಾ' ಅಂಟಿಸುವ ಇಲ್ಲಿನ ಇಂಗ್ಲಿಷು. ಅವಳು ಎಲ್ಲರನ್ನೂ ಸಾಲಾಗಿ ಮಲಗಿಸಿ, ಎದೆಗೆ ತಂತಿಗಳನ್ನು ಅಂಟಿಸಿ, ಹೃದಯದ ಗೆರೆಗಳನ್ನು ತೆಗೆಸಿದಳು. ಅಕ್ಬರನ ಹೃದಯ ಸರಿಯಿತ್ತು. ನಸೀಮಾಳದು ಸರಿಯಿತ್ತು. ಅಜ್ಜಿಯ ಹೃದಯವನ್ನು ಕಂಡು ನರ್ಸುಗಳೇ ಮೆಚ್ಚಿಕೊಂಡರು. ಡೀನರ ಗೆರೆ ಮಾತ್ರ ಕುಡಿದು ನಡೆದವನ ಹೆಜ್ಜೆಯಂತಿತ್ತು.

ರಕ್ತಪರೀಕ್ಷೆಯ ಫಲಿತಾಂಶ ಬಂದಾಗ ಸಮೀಕ್ಷಾ ಕಾಗದ ಹಿಡಿದು ಕಾರಿಡಾರಿಗೆ ಬಂದಳು.

"ಸರ್, ಡಿಜಾಕ್ಸಿನ್ ಅಸೇ ಪಾಸಿಟಿವ್."

ಡಿಜಾಕ್ಸಿನ್ ಎಂಬುದು ಇದೇ ವಿಷಕುಲಕ್ಕೆ ಸೇರಿದ ಹೃದಯದ ಮಾತ್ರೆ. ಅದನ್ನು ಅಳೆಯುವ ಪರೀಕ್ಷೆಗೆ ಮಾತ್ರೆ ಯಾವುದು, ಕಣಗಿಲೆ ಯಾವುದು ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ. ಎರಡನ್ನೂ ಕಂಡು ಒಂದೇ ರೀತಿ ಕೂಗುತ್ತದೆ.

"ಬೇರೆಯವರ ರಕ್ತ?"

"ಆಲ್ ನೆಗೆಟಿವ್. ಮೇ ಬಿ ಬಿಕಾಸ್ ಹಿ ಏಟ್ ದ ಮೋಸ್ಟ್. ಯು ಟಾಟ್ ಅಸ್ ದಿಸ್ ಲಾ ಸರ್. ಸ್ಲೈಡ್ ನೈನ್ಟೀನ್." ಅವಳು ಮೆಲ್ಲನೆ ಅವನ ತೋಳು ಮುಟ್ಟಿದಳು. "ಬೆಸ್ಟ್ ಲೆಕ್ಚರ್ ಎವರ್, ಸರ್."

ಅವಳು ಹೋದ ಮೇಲೆ ದಾಮೋದರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದ. ಪಕ್ಕದಲ್ಲಿ ಶರಣ್ಯಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಎದುರು ಸಾಲಿನಲ್ಲಿ ಅಕ್ಬರ್ ಮೊಬೈಲು ನೋಡುತ್ತ, ಇವರಿಗೆ ಕೇಳುವಂತೆಯೇ ಹೆಂಡತಿಗೆ ಹೇಳಿದ: "ಕೈ ನೋಡಿ ಎಲ್ಲಾ ಸರಿ ಅದ ಅಂದ್ರು. ಪಾಪ, ತಮ್ಮ ಕೈ ಒಂದ್ ನೋಡಿಕೊಳ್ಳಲಿಲ್ಲ."

ಆಗ ಲಿಫ್ಟಿನಿಂದ ಸುಜಿತ ಓಡಿಬಂದ. ಬಂದರಿನ ಹೆಲ್ಮೆಟು ಇನ್ನೂ ತಲೆಯ ಮೇಲಿತ್ತು. ಅಕ್ಕನ ಕಡೆ ನೋಡದೆ ಭಾವನ ಕೈ ಹಿಡಿದು ಮೂಲೆಗೆ, ನೀರಿನ ಯಂತ್ರದ ಹಿಂದೆ ಎಳೆದೊಯ್ದ.

"ಭಾವ, ಇದು ಎಂತ ಕತೆ? ಆಫೀಸಿನಲ್ಲಿ ಎಲ್ಲರೂ ನನ್ನನ್ನು ಪಾಯ್ಸನ್ ಪಾರ್ಟಿ ಅಂತ ಕರೀತಿದ್ದಾರೆ."

"ನೀನು ಕೊಂಡು ಹೋದದ್ದು ಪತ್ರೆಯ ಚೀಲ ಮಾರಾಯ. ಕಣಗಿಲೆ, ಎಕ್ಕ."

ಸುಜಿತನ ಮುಖದಲ್ಲಿ ಭಯದ ಬದಲು ಬಿಡುಗಡೆಯ ಕಳೆ ಹಬ್ಬಿತು. "ಅದು ಎಕ್ಕವಾ! ಅದಕ್ಕೇ ಭಾವ. ಒಂದು ಎಲೆ ಕತ್ತರಿಸಿದೆ ನೋಡಿ, ಬಿಳಿ ಹಾಲು ಹರಿದು ಕೈಯೆಲ್ಲ ಅಂಟು. ಮಾರುಕಟ್ಟೆಯವ ಟೋಪಿ ಹಾಕಿದ ಅಂತ ಇಡೀ ಚೀಲ ಕಸದ ಡಬ್ಬಕ್ಕೆ ಹಾಕಿದೆ."

ದಾಮೋದರ ನೀರಿನ ಯಂತ್ರವನ್ನು ಹಿಡಿದುಕೊಂಡ. "ಮತ್ತೆ ಅನ್ನ?"

"ಕೆಳಗಿನ ಗೆರೈ ಅಂಗಡಿಯಿಂದ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ಬಂದೆ. ನಾನೇ ಮಾಡ್ತೇನೆ ಅಂತ ಒಂದು ವಾರದಿಂದ ಬಡಾಯಿ ಕೊಚ್ಚಿದ್ದೆನಲ್ಲ, ಅಂಗಡಿಯದು ಅಂತ ಹೇಗೆ ಹೇಳುವುದು? ಪಾತ್ರೆ ಬದಲಿಸಿ ತಂದೆ."

ದಾಮೋದರನಿಗೆ ತನ್ನ ಸುತ್ತಲಿನ ಕಾರಿಡಾರು ಏಕಾಏಕಿ ಅಗಲವಾದಂತೆ ಅನಿಸಿತು. ಯಾರೂ ವಿಷ ತಿಂದಿರಲಿಲ್ಲ. ತಾನು ಯಾರನ್ನೂ ಕೊಂದಿರಲಿಲ್ಲ. ಕಾಂಟ್ರಾಕ್ಟು, ವೀಸಾ, ಮಗಳ ಶಾಲೆ ಎಲ್ಲವೂ ಎದ್ದು ಮತ್ತೆ ಸಾಲಾಗಿ ನಿಂತವು. ಡೀನರ ರಕ್ತದಲ್ಲಿ ಕಂಡದ್ದು ಹಾಗಾದರೆ ಎಲೆಯದಲ್ಲ, ಯಾವುದೋ ಮಾತ್ರೆಯದು. ಇದನ್ನು ಹೇಳಿದರೆ ಸಾಕು. ಅವನು ಸಮೀಕ್ಷಾಳನ್ನು ಕೂಗಲು ತಿರುಗಿದ.

ಸುಜಿತ ಅವನ ಪಂಚೆಯ ಅಂಚು ಹಿಡಿದ.

"ಭಾವ, ಒಂದು ಸಣ್ಣ ವಿಷಯ. ಅಂಗಡಿಯ ಅನ್ನದಲ್ಲಿ ಈರುಳ್ಳಿ ಇತ್ತು. ಡೀನ್ ತಿನ್ನುವುದಿಲ್ಲ ಅಂತ ಅಕ್ಕ ಹೇಳಿದ್ದಳಲ್ಲ, ಒಂದೊಂದಾಗಿ ಆರಿಸಿ ತೆಗೆದೆ."

"ಒಳ್ಳೇದಾಯ್ತು."

"ಮೀನಿನ ತುಂಡೂ ತೆಗೆದೆ."

ದಾಮೋದರ ನಿಂತ.

"ಒಣ ಸಿಗಡಿ ಮಾತ್ರ ಪುಡಿ ಮಾಡಿ ಹಾಕಿದ್ರು ಭಾವ. ಅದು ಆರಿಸ್ಲಿಕ್ಕೆ ಬರುವುದಿಲ್ಲ. ಅದರಿಂದಲೇ ಅಷ್ಟು ರುಚಿ ಬರುವುದು."

"ಸಿಗಡಿಯ ರುಚಿ ನಿನಗೆ ಹೇಗೆ ಗೊತ್ತು?"

ಸುಜಿತ ಆಸ್ಪತ್ರೆಯ ನೆಲದ ಹಾಸುಗಲ್ಲುಗಳನ್ನು ಅಭ್ಯಾಸ ಮಾಡತೊಡಗಿದ.

ಚೌತಿಯ ದಿನ, ಗಣಪತಿಯ ಎದುರು, ನೀರು ಸೋಸಿ ಕುಡಿಯುವ ಮನುಷ್ಯನಿಗೆ ಮೂರು ಸಲ ಬಡಿಸಿ ತಿನ್ನಿಸಿದ್ದು ಒಣ ಸಿಗಡಿಯ ಅನ್ನ. ವಿಷವಾದರೆ ಕೈತಪ್ಪು ಎನ್ನಬಹುದಿತ್ತು. ವಿಷ ಬಡಿಸಿದವನನ್ನು ಡೀನರು ಕ್ಷಮಿಸಿಯಾರು. ಈ ಅನ್ನ ಬಡಿಸಿದವನನ್ನು ಈ ಜನ್ಮದಲ್ಲಿ ಕ್ಷಮಿಸುವುದು ಅವರಿಗೂ ಸಾಧ್ಯವಿರಲಿಲ್ಲ. ಪಂಕ್ತಿಯಲ್ಲಿ ಕುಳಿತ ಉಳಿದವರ ಮಾತು ಬೇರೆ, ಉಡುಪಿಯ ಅತ್ತೆಯ ಮಾತು ಬೇರೆ. ದಾಮೋದರ ತೂಗಿ ನೋಡಿದ. ಕೊಲೆಗಡುಕನಾಗಿ ಉಳಿಯುವುದೇ ಕ್ಷೇಮವೆಂದು ತೋರಿತು.

"ಚೀಲದ ಎಲೆಯನ್ನೇ ಹಾಕಿದ್ದು," ಎಂದ ಅವನು ಸುಜಿತನಿಗೆ, ಒಂದೊಂದೇ ಪದ ಬಿಡಿಸಿ. "ಅಕ್ಕನಿಗೂ ಅದೇ. ಯಾರು ಕೇಳಿದರೂ ಅದೇ."

ಅಷ್ಟರಲ್ಲಿ ನರ್ಸೊಬ್ಬಳು ಬಂದು, ಡೀನರು ಕರೆಯುತ್ತಿದ್ದಾರೆ, ಒಬ್ಬರೇ ಬರಬೇಕಂತೆ ಎಂದಳು.

ಕೀರ್ತಿರಾಜರು ದಿಂಬಿಗೆ ಒರಗಿ ಕುಳಿತಿದ್ದರು. ಎದೆಯ ಮೇಲಿನ ತಂತಿಗಳಿಂದಾಗಿ ಅವರು ಸರಿಪಡಿಸಲು ಬಿಚ್ಚಿಟ್ಟ ರೇಡಿಯೊದಂತೆ ಕಾಣುತ್ತಿದ್ದರು.

"ಬಾಗಿಲು ಹಾಕಿ ಬನ್ನಿ, ದಾಮೋದರ. ಕೂತ್ಕೊಳ್ಳಿ." ಅವರು ದನಿ ತಗ್ಗಿಸಿದರು. "ರಿಪೋರ್ಟಿನಲ್ಲಿ ಬಂದದ್ದು ನಿಮ್ಮ ಎಲೆಯಲ್ಲ. ನನ್ನ ಮಾತ್ರೆ."

ದಾಮೋದರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಎರಡು ವರ್ಷದಿಂದ ನನ್ನ ಹೃದಯದ ತಾಳ ತಪ್ಪಿದೆ. ಈಪೋ ಊರಿನ ಒಬ್ಬ ಡಾಕ್ಟರು ಡಿಜಾಕ್ಸಿನ್ ಬರೆದು ಕೊಡ್ತಾರೆ. ನಮ್ಮ ಆಡಳಿತ ಮಂಡಳಿಯ ವಿಷಯ ನಿಮಗೆ ಗೊತ್ತುಂಟಲ್ಲ. ಹೃದ್ರೋಗಿಯನ್ನು ಡೀನ್ ಕುರ್ಚಿಯಲ್ಲಿ ಒಂದು ದಿನ ಇಡ್ಲಿಕ್ಕಿಲ್ಲ. ಅದಕ್ಕೇ ಮುಚ್ಚಿಟ್ಟೆ. ಈಗ ನೀವು ಪಾಪ, ಮಾಡದ ತಪ್ಪಿಗೆ ಹೊರಗೆ ಕೂತು ಅಳ್ತಾ ಇದ್ದೀರಿ. ಸೋಮವಾರ ಕಮಿಟಿಯ ಮುಂದೆ ಎಲ್ಲ ಹೇಳಿ ಬಿಡ್ತೇನೆ. ಸುಳ್ಳಿನ ಭಾರ ಸಾಕಾಯ್ತು."

ದಾಮೋದರನ ತಲೆ ಸುಂಕದ ಕಟ್ಟೆಯ ಎಲ್ಲ ಗೇಟುಗಳೂ ಒಟ್ಟಿಗೆ ತೆರೆದಂತೆ ಓಡಿತು. ಡೀನರು ನಿಜ ಹೇಳಿದರೆ, ಎಲೆ ಎಲ್ಲಿ ಹೋಯಿತೆಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಸುಜಿತ ಬಾಯಿ ಬಿಡುತ್ತಾನೆ. ಅವನ ಬಾಯಿಗೆ ಬಾಗಿಲಿಲ್ಲ. ಡೀನರ ಕುರ್ಚಿ ಹೋಗುತ್ತದೆ. ಹೊಸ ಡೀನರಿಗೆ ದಾಮೋದರನೆಂಬ ಪ್ರಾಣಿಯ ಪರಿಚಯವೇ ಇರುವುದಿಲ್ಲ. ಎಲ್ಲಿ ಮುಟ್ಟಿದರೂ ಕಾಂಟ್ರಾಕ್ಟೇ ಬೀಳುತ್ತದೆ.

"ಇಲ್ಲ ಸರ್," ಎಂದ ಅವನು. "ಅದು ನನ್ನ ಎಲೆಯೇ."

"ಅಲ್ಲ ಮಾರಾಯ್ರೆ, ನನ್ನ ಮಾತ್ರೆ. ಬೆಳಿಗ್ಗೆ ತಕ್ಕೊಂಡು ಬಂದಿದ್ದೆ."

"ಮಾತ್ರೆಗೆ ನಾಡಿ ಅಷ್ಟು ಇಳಿಯುವುದಿಲ್ಲ ಸರ್."

"ನನ್ನ ನಾಡಿ ಎರಡು ವರ್ಷದಿಂದ ಅಷ್ಟೇ. ಎಲೆ ತಿಂದಿದ್ದರೆ ಇಷ್ಟು ಹೊತ್ತಿಗೆ ಕಾರಿಕೊಳ್ಳಬೇಕಿತ್ತು. ನಾನೂ ವೈದ್ಯಕೀಯ ಓದಿದವನೇ."

"ಹಾಗಾದ್ರೆ ಎರಡೂ ಸೇರಿದೆ ಸರ್," ಎಂದ ದಾಮೋದರ, ಬಿಡದೆ. "ನಿಮ್ಮದು ಸ್ವಲ್ಪ. ನನ್ನದೇ ಹೆಚ್ಚು. ದಯವಿಟ್ಟು ಮಾತ್ರೆಯ ಸುದ್ದಿ ಎತ್ತಬೇಡಿ. ಕಾಲೇಜಿಗೆ ನೀವು ಬೇಕು."

ಕೀರ್ತಿರಾಜರು ಕನ್ನಡಕ ತೆಗೆದು ಹೊದಿಕೆಯ ಅಂಚಿನಿಂದ ಒರೆಸಿದರು. ಪಕ್ಕದ ಯಂತ್ರ ಎರಡು ಸಲ ತಪ್ಪಿ ಕೂಗಿತು.

"ನನ್ನನ್ನು ಉಳಿಸಲಿಕ್ಕೆ ನೀವು ಅಪರಾಧ ಹೊರುತ್ತೀರಾ?"

ದಾಮೋದರ ತಲೆ ತಗ್ಗಿಸಿದ. ಆ ಪ್ರಶ್ನೆಗೆ ತಲೆ ತಗ್ಗಿಸುವುದೇ ಎಲ್ಲ ರೀತಿಯಿಂದಲೂ ಸರಿಯಾದ ಉತ್ತರವಾಗಿತ್ತು.

"ನಿಮ್ಮಂಥ ಮನುಷ್ಯನನ್ನು ನಾನು ಕಂಡದ್ದಿಲ್ಲ," ಎಂದರು ಡೀನರು. "ಆಯ್ತು. ಎಲೆ ಅಂತಲೇ ಇರಲಿ."

"ತುಂಬ ಉಪಕಾರ ಸರ್. ಮತ್ತೆ, ನನ್ನ ರಿನ್ಯೂವಲ್..."

"ಅದನ್ನೇ ಯೋಚಿಸ್ತಾ ಇದ್ದೇನೆ." ಡೀನರು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. "ಡೀನಿಗೇ ವಿಷ ಬಡಿಸಿದ ಮೇಷ್ಟ್ರಿಗೆ ಎರಡು ದಿನದಲ್ಲಿ ಅದೇ ಡೀನ್ ಸಹಿ ಹಾಕಿದ್ರೆ, ಕಮಿಟಿಯವರು ಸುಮ್ಮನಿರ್ತಾರಾ? ಇದರ ಒಳಗೆ ಎಂತದೋ ಉಂಟು ಅಂತ ಕೆದಕ್ತಾರೆ. ಕೆದಕಿದ್ರೆ ನನ್ನ ಮಾತ್ರೆ ಹೊರಗೆ ಬರ್ತದೆ. ನಿಮ್ಮ ತ್ಯಾಗ ನೀರಿನಲ್ಲಿ ಹೋಮ ಆಗ್ತದೆ. ಹಾಗೆ ಆಗ್ಲಿಕ್ಕೆ ನಾನು ಬಿಡುವುದಿಲ್ಲ, ದಾಮೋದರ. ನನ್ನ ಜೀವ ಇರುವ ತನಕ ಬಿಡುವುದಿಲ್ಲ."

ಹೊರಗೆ ಕಾರಿಡಾರಿನಲ್ಲಿ ಶರಣ್ಯಾ ಎದ್ದು ನಿಂತಳು. ಅವಳ ಹಿಂದೆ ನಸೀಮಾ, ಅಕ್ಬರ್, ಹೆಲ್ಮೆಟು ತೆಗೆದು ಎದೆಗವಚಿಕೊಂಡ ಸುಜಿತ.

"ಎಂತ ಹೇಳಿದ್ರು?"

"ತುಂಬಾ ಹೊಗಳಿದ್ರು," ಎಂದ ದಾಮೋದರ. "ನಾಳೆಯಿಂದ ಸಾಮಾನು ಕಟ್ಟುವ."